ಜಾಹೀರಾತು ಸ್ಟಾರ್ಟಪ್‌ನ ಬೆನ್ನಿಗೆ ಯಾರಿರಬೇಕು?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಾವು ಮೂವರು ಗೆಳೆಯರು ಆನ್‌ಲೈನ್ ಜಾಹೀರಾತಿನ ಪ್ರೈವೇಟ್ ಲಿಮಿಟೆಡ್ ಕಂಪನಿ ನಡೆಸುತ್ತಿದ್ದೇವೆ. ಆಸ್ಪತ್ರೆ, ಪಿಯು ಕಾಲೇಜು, ಬಂಗಾರದ ಅಂಗಡಿಗಳ ಜಾಹೀರಾತನ್ನು ಕನ್ನಡ ಆ್ಯಪ್‌ಗಳಲ್ಲಿ, ಸುದ್ದಿ ಸೈಟ್‌ಗಳಲ್ಲಿ ಹಾಕಿಸುತ್ತೇವೆ. ತಿಂಗಳಿಗೆ ಸುಮಾರು ₹20 ಲಕ್ಷದ ಬಿಲ್ ಆಗುತ್ತದೆ, ಅದರಲ್ಲಿ ನಮ್ಮ ಕಮಿಷನ್ 15%. ಬೆಂಗಳೂರಿನ ಏಂಜೆಲ್ ಹೂಡಿಕೆದಾರರೊಬ್ಬರು (ಹೊಸ ಕಂಪನಿಗಳಿಗೆ ಸ್ವಂತ ದುಡ್ಡು ಹಾಕುವವರು) 15% ಪಾಲಿಗೆ ₹60 ಲಕ್ಷ ಕೊಡುತ್ತೇನೆ ಅಂದಿದ್ದಾರೆ. ದೊಡ್ಡ ಏಜೆನ್ಸಿಯಿಂದ ನಿವೃತ್ತರಾದ ಇನ್ನೊಬ್ಬರು ಸಲಹೆಗಾರರಾಗಿ ಬರಲು 5% ಕೇಳುತ್ತಿದ್ದಾರೆ. ಮೊಬೈಲ್ ಜಾಹೀರಾತಿನ ಇನ್‌ಮೊಬಿಯಂಥ ಕಂಪನಿಗಳ ಹಿಂದೆ ಯಾರ್ಯಾರಿದ್ದರು? ನಾವು ಹೇಗೆ ಆರಿಸಬೇಕು? ದುರ್ಗದಬೈಲಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನಮ್ಮಪ್ಪ ಹೊರಗಿನವರ ದುಡ್ಡೇ ಬೇಡ ಅನ್ನುತ್ತಾರೆ.

ಉತ್ತರ: ಇನ್‌ಮೊಬಿಯಿಂದಲೇ ಶುರು ಮಾಡೋಣ. ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಅದರ ಕಚೇರಿ ನೋಡಿದ ಎಷ್ಟೋ ಜನರಿಗೆ, ಅದು ಹುಟ್ಟಿದ್ದು ಮುಂಬೈಯಲ್ಲಿ, ಬೇರೆ ಹೆಸರಿನಲ್ಲಿ, ಬೇರೆಯದೇ ಕೆಲಸಕ್ಕೆ ಅನ್ನುವುದು ಗೊತ್ತಿಲ್ಲ. 2007ರಲ್ಲಿ ನವೀನ್ ತಿವಾರಿ, ಅಭಯ್ ಸಿಂಘಲ್, ಅಮಿತ್ ಗುಪ್ತಾ, ಮೋಹಿತ್ ಸಕ್ಸೇನಾ ಸೇರಿ ಕಟ್ಟಿದ ಕಂಪನಿಯ ಹೆಸರು ಎಂಖೋಜ್. ಎಸ್‌ಎಂಎಸ್ ಕಳಿಸಿದರೆ ಹತ್ತಿರದ ಅಂಗಡಿಗಳಲ್ಲಿ ಏನು ರಿಯಾಯಿತಿ ಇದೆ ಅಂತ ಹುಡುಕಿಕೊಡುವುದು ಅದರ ಕೆಲಸ. (ಇವರಲ್ಲಿ ಅಮಿತ್ ಗುಪ್ತಾ ಮುಂದೆ ಯುಲು ಕಟ್ಟಿದವರಲ್ಲಿ ಒಬ್ಬರು. ಬೆಂಗಳೂರಿನ ಮೆಟ್ರೊ ನಿಲ್ದಾಣಗಳ ಬಳಿ ನಿಂತಿರುವ ಆ ನೀಲಿ ಗಾಡಿಗಳ ಕಂಪನಿ.)

ಆಗ ಇವರಿಗೆ ದುಡ್ಡು ಕೊಟ್ಟದ್ದು ಮುಂಬೈ ಏಂಜೆಲ್ಸ್ ಅನ್ನುವ ಗುಂಪು. ಸಾಶಾ ಮಿರ್ಚಂದಾನಿ ಮತ್ತಿತರರು 2006ರಲ್ಲಿ ಕಟ್ಟಿದ್ದು. ಸ್ವಂತ ದುಡ್ಡು ಹಾಕುವ ಹಲವರು ಸೇರಿ ಸುಮಾರು 5 ಲಕ್ಷ ಡಾಲರ್ ಕೊಟ್ಟರು. ಎಸ್‌ಎಂಎಸ್ ಸೇವೆ ನಡೆಯಲಿಲ್ಲ. ಹುಡುಗರು ದಾರಿ ಬದಲಿಸಿ ಮೊಬೈಲ್ ಜಾಹೀರಾತಿಗೆ ಬಂದರು, ಊರು ಬದಲಿಸಿ ಬೆಂಗಳೂರಿಗೆ ಬಂದರು, 2009ರಲ್ಲಿ ಹೆಸರನ್ನೂ ಬದಲಿಸಿದರು. ಇಲ್ಲಿ ಸ್ವಲ್ಪ ನಿಂತು ನೋಡಿ. ಒಂದು ಕೆಲಸಕ್ಕೆ ಅಂತ ಕೊಟ್ಟ ದುಡ್ಡು ಇನ್ನೊಂದು ಕೆಲಸಕ್ಕೆ ಹೋಯಿತು. ಮೊದಲ ಸುತ್ತಿನ ಹೂಡಿಕೆದಾರರ ಗುಣ ಗೊತ್ತಾಗುವುದು ಇಂಥ ಹೊತ್ತಿನಲ್ಲೇ. ನೀವು ಎಡವಿದ ದಿನ ಅವರು ಫೋನಿನಲ್ಲಿ ಏನು ಹೇಳುತ್ತಾರೆ? ನಿಮ್ಮ ಏಂಜೆಲ್ ಈ ಹಿಂದೆ ಯಾರಿಗೆಲ್ಲ ದುಡ್ಡು ಕೊಟ್ಟಿದ್ದಾರೆ ಕೇಳಿ. ಅದರಲ್ಲಿ ಮುಚ್ಚಿಹೋದ ಕಂಪನಿಯ ಹುಡುಗರಿಬ್ಬರ ನಂಬರ್ ಇಸಿದುಕೊಂಡು ಮಾತಾಡಿ. ಗೆದ್ದವರು ಎಲ್ಲರನ್ನೂ ಹೊಗಳುತ್ತಾರೆ. ಸೋತವರು ಹೇಳುವ ಮಾತು ನಿಮಗೆ ಬೇಕು.

2008ರಲ್ಲಿ ಬಂದವರು ಬೇರೆ ಬಗೆಯವರು. ಅಮೆರಿಕದ ಹೂಡಿಕೆ ಸಂಸ್ಥೆಗಳಾದ ಕ್ಲೈನರ್ ಪರ್ಕಿನ್ಸ್ ಮತ್ತು ಶೆರ್ಪಾಲೊ ವೆಂಚರ್ಸ್ ಸೇರಿ 71 ಲಕ್ಷ ಡಾಲರ್ ಹಾಕಿದರು. 2010ರಲ್ಲಿ ಮತ್ತೆ 80 ಲಕ್ಷ. ಶೆರ್ಪಾಲೊ ಅಂದರೆ ರಾಮ್ ಶ್ರೀರಾಮ್. ಚೆನ್ನೈಯಲ್ಲಿ ಓದಿದವರು, ನೆಟ್‌ಸ್ಕೇಪ್‌ನಲ್ಲಿ ದುಡಿದವರು. ಆಮೇಲೆ ಜಂಗ್ಲೀ ಕಂಪನಿಯ ಅಧ್ಯಕ್ಷರಾದರು, ಅದನ್ನು 1998ರಲ್ಲಿ ಅಮೆಜಾನ್ ಕೊಂಡಿತು. ಗೂಗಲ್‌ಗೆ ಮೊಟ್ಟಮೊದಲು ದುಡ್ಡು ಕೊಟ್ಟ ಕೆಲವರಲ್ಲಿ ಇವರೂ ಒಬ್ಬರು, ಶುರುವಿನಿಂದಲೇ ಅದರ ಬೋರ್ಡಿನಲ್ಲಿದ್ದವರು. ಕ್ಲೈನರ್ ಕೂಡ 1999ರಲ್ಲೇ ಗೂಗಲ್‌ನಲ್ಲಿ ಹೂಡಿಕೆ ಮಾಡಿತ್ತು. ಅದರ ಜಾನ್ ಡೋರ್ ಕೂಡ ಗೂಗಲ್ ಬೋರ್ಡಿನಲ್ಲಿ ಕೂತವರು. ಅಂದರೆ ಒಂದು ಪುಟ್ಟ ಹುಡುಕಾಟದ ಕಂಪನಿ ಜಾಹೀರಾತಿನಿಂದ ದುಡ್ಡು ಮಾಡುವುದನ್ನು ಕಲಿತದ್ದನ್ನು ಒಳಗೆ ಕೂತು ನೋಡಿದವರು ಇವರು. ಮೊದಲ ಐಫೋನ್ ಬಂದು ಒಂದು ವರ್ಷವಾಗಿತ್ತು ಅಷ್ಟೇ. ಮೊಬೈಲ್ ಜಾಹೀರಾತು ಅಂದರೆ ಏನು ಅಂತ ಇವರಿಗೆ ಮೊದಲಿನಿಂದ ಬಿಡಿಸಿ ಹೇಳಬೇಕಾಗಿರಲಿಲ್ಲ. ಎರಡನೇ ಸುತ್ತಿನ ದುಡ್ಡಿಗೆ ಬೆಲೆ ಬರುವುದು ಈ ತಿಳಿವಳಿಕೆಯಿಂದ.

ಆದರೆ ಇದೇ ಕಥೆಗೆ ಇನ್ನೊಂದು ಮುಖವಿದೆ. ಸಾಮಾನ್ಯವಾಗಿ ಯಾರೂ ಅದನ್ನು ಗಮನಿಸುವುದಿಲ್ಲ. 2009ರ ನವೆಂಬರ್‌ನಲ್ಲಿ ಗೂಗಲ್ 75 ಕೋಟಿ ಡಾಲರ್‌ಗೆ ಆ್ಯಡ್‌ಮಾಬ್ ಕೊಳ್ಳುವುದಾಗಿ ಘೋಷಿಸಿತು. ಆ್ಯಡ್‌ಮಾಬ್ ಅಂದರೆ ಮೊಬೈಲ್ ಜಾಹೀರಾತಿನಲ್ಲಿ ಇನ್‌ಮೊಬಿಯ ನೇರ ಎದುರಾಳಿ. ಅಂದರೆ ಇನ್‌ಮೊಬಿಯ ಇಬ್ಬರು ದೊಡ್ಡ ಹೂಡಿಕೆದಾರರ ಕಡೆಯವರು ಎದುರಾಳಿಯನ್ನು ಕೊಂಡ ಕಂಪನಿಯ ಬೋರ್ಡಿನಲ್ಲೂ ಇದ್ದರು. ಇದರಲ್ಲಿ ತಪ್ಪು ನಡೆಯಿತು ಅಂತ ನಾನು ಹೇಳುತ್ತಿಲ್ಲ. ದೊಡ್ಡ ಹೂಡಿಕೆದಾರರು ಹತ್ತು ಕಡೆ ಕೂತಿರುತ್ತಾರೆ, ಅದು ಆ ವೃತ್ತಿಯ ರೀತಿ. ಆದರೆ ನಿಮ್ಮ ಏಂಜೆಲ್‌ಗೂ, ಆ ಏಜೆನ್ಸಿಯ ಹಿರಿಯರಿಗೂ ಒಂದು ಪ್ರಶ್ನೆ ಕೇಳಲೇಬೇಕು: ಇದೇ ಜಾಹೀರಾತು ವ್ಯವಹಾರದಲ್ಲಿ ನಿಮ್ಮ ಪಾಲು ಬೇರೆಲ್ಲಿ ಇದೆ? ಉತ್ತರವನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ. ನಿಮ್ಮ ದರಪಟ್ಟಿ, ನಿಮ್ಮ ಗಿರಾಕಿಗಳ ಹೆಸರು ಅವರ ಕೈಗೆ ಹೋಗುತ್ತದೆ ಅಲ್ವಾ?

ಗೂಗಲ್ ಆ್ಯಡ್‌ಮಾಬ್ ಕೊಂಡಿತು. 2010ರ ಜನವರಿಯಲ್ಲಿ ಆ್ಯಪಲ್ ಅಂಥದ್ದೇ ಇನ್ನೊಂದು ಕಂಪನಿ ಕ್ವಾಟ್ರೊ ವೈರ್‌ಲೆಸ್ ಕೊಂಡಿತು. ಇನ್‌ಮೊಬಿ ಯಾರಿಗೂ ಸೇರದೆ ಉಳಿಯಿತು. ಅಮೆರಿಕದಲ್ಲಿ ಇವರ ಜೊತೆ ನೇರ ಗುದ್ದಾಡುವ ಬದಲು ಮೊದಲು ಇಂಡೋನೇಷ್ಯಾ, ಆಫ್ರಿಕಾ ಕಡೆ ಹೋಗಿ ಬೇರು ಬಿಟ್ಟಿತು. ಆಮೇಲೆ 2011ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಸಾಫ್ಟ್‌ಬ್ಯಾಂಕ್ ಬಂತು, 20 ಕೋಟಿ ಡಾಲರ್ ಹಿಡಿದುಕೊಂಡು. ಅಲ್ಲಿಯವರೆಗೆ ಇನ್‌ಮೊಬಿ ಎತ್ತಿದ್ದ ಒಟ್ಟು ದುಡ್ಡು ಸುಮಾರು 1.56 ಕೋಟಿ ಡಾಲರ್. ಒಂದೇ ಒಪ್ಪಂದದಲ್ಲಿ ಅದರ ಹನ್ನೆರಡು ಪಟ್ಟಿಗಿಂತ ಜಾಸ್ತಿ. ಸಾಫ್ಟ್‌ಬ್ಯಾಂಕ್ ಬರಿ ದುಡ್ಡಿನ ಮನೆಯಲ್ಲ. ಜಪಾನಿನಲ್ಲಿ ಮೊಬೈಲ್ ಸೇವೆ ನಡೆಸುತ್ತಿತ್ತು, ಐಫೋನ್ ಮಾರುತ್ತಿತ್ತು, ಯಾಹೂ ಜಪಾನ್ ಅದರ ಕೈಯಲ್ಲಿತ್ತು. ಇಂಥವರ ದುಡ್ಡಿನ ಜೊತೆ ಒಂದು ದೇಶದ ಬಾಗಿಲೇ ತೆರೆದುಕೊಳ್ಳುತ್ತದೆ. ಜೊತೆಗೆ ಬೇಗ ಬೆಳೆಯಲೇಬೇಕು ಅನ್ನುವ ಒತ್ತಡವೂ ಬರುತ್ತದೆ. ಮುಂದೆ ಫೋನಿನ ಲಾಕ್ ಸ್ಕ್ರೀನಿನಲ್ಲಿ ಸುದ್ದಿ, ವಿಡಿಯೊ ತೋರಿಸುವ ಇನ್‌ಮೊಬಿ ಬಳಗದ ಗ್ಲಾನ್ಸ್‌ನಲ್ಲಿ 2020ರ ಡಿಸೆಂಬರ್‌ನಲ್ಲಿ ಗೂಗಲ್ ಮತ್ತು ಮಿತ್ರಿಲ್ ಅನ್ನುವ ಹೂಡಿಕೆ ಸಂಸ್ಥೆ ಸೇರಿ 14.5 ಕೋಟಿ ಡಾಲರ್, 2022ರಲ್ಲಿ ಜಿಯೊ 20 ಕೋಟಿ ಡಾಲರ್ ಹಾಕಿದವು. ನಿನ್ನೆಯ ಎದುರಾಳಿ ಇವತ್ತಿನ ಪಾಲುದಾರ. ಜಾಹೀರಾತು ಲೋಕದಲ್ಲಿ ಇದು ತೀರ ಸಾಮಾನ್ಯ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ನೀವು ಈಗ ನಿಂತಿರುವುದು ಮುಂಬೈ ಏಂಜೆಲ್ಸ್ ಮೆಟ್ಟಿಲಿನಲ್ಲಿ. ಸಾಫ್ಟ್‌ಬ್ಯಾಂಕ್ ಮೆಟ್ಟಿಲಿನ ಆಸೆಗಳನ್ನು ಇಟ್ಟುಕೊಂಡು ಈಗಿನ ಹೂಡಿಕೆದಾರರನ್ನು ಆರಿಸಬೇಡಿ. ಹಾಗಾದರೆ ನಿಮಗೆ ಈಗ ಬೇಕಾದ್ದು ಏನು? ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಪದದಲ್ಲಿ ಅದಕ್ಕೆ ಉತ್ತರವಿದೆ. ಆ ಪದ ಉದ್ರಿ.

ಲೆಕ್ಕ ಹಾಕೋಣ. ತಿಂಗಳಿಗೆ ₹20 ಲಕ್ಷದ ಬಿಲ್. ನಿಮ್ಮ ಕಮಿಷನ್ ₹3 ಲಕ್ಷ. ಉಳಿದ ₹17 ಲಕ್ಷ ಜಾಹೀರಾತು ತೋರಿಸಿದ ಆ್ಯಪ್, ಸೈಟ್‌ಗಳಿಗೆ ಸೇರಬೇಕು. ಆಸ್ಪತ್ರೆಯವರು, ಕಾಲೇಜಿನವರು 90 ದಿನಕ್ಕೆ ದುಡ್ಡು ಕೊಡುತ್ತಾರೆ ಅಂತ ಇಟ್ಟುಕೊಳ್ಳಿ. ಸೈಟ್‌ನವರಿಗೆ ನೀವು 45 ದಿನದಲ್ಲಿ ಕೊಡಬೇಕು. ನಡುವೆ ಒಂದೂವರೆ ತಿಂಗಳು. ಒಂದೂವರೆ ತಿಂಗಳ ₹17 ಲಕ್ಷ ಅಂದರೆ ₹25.5 ಲಕ್ಷ. ಇಷ್ಟು ದುಡ್ಡು ಯಾವಾಗಲೂ ಹೊರಗಡೆ ಸಿಕ್ಕಿಕೊಂಡಿರುತ್ತದೆ. ವ್ಯಾಪಾರ ಎರಡು ಪಟ್ಟಾದರೆ ₹51 ಲಕ್ಷ. ಅಂದರೆ ನೀವು ಚೆನ್ನಾಗಿ ಬೆಳೆದರೆ ಸಾಕು, ಏಂಜೆಲ್ ಕೊಟ್ಟ ₹60 ಲಕ್ಷದಲ್ಲಿ ಬಹುಪಾಲು ಉದ್ರಿಗೇ ಹೋಗುತ್ತದೆ. ಹೊಸ ಎಂಜಿನಿಯರ್ ಸಂಬಳಕ್ಕೆ, ಸಾಫ್ಟ್‌ವೇರ್‌ಗೆ ಹೆಚ್ಚೇನೂ ಉಳಿಯುವುದಿಲ್ಲ. ಇದರ ಮೇಲೆ ಗಿರಾಕಿ ಕಂಪನಿ ಬಿಲ್ಲಿನಲ್ಲಿ 2% ಟಿಡಿಎಸ್ (ಮೊದಲೇ ಹಿಡಿಯುವ ಆದಾಯ ತೆರಿಗೆ) ಹಿಡಿಯುತ್ತದೆ. ಪೂರ್ತಿ ₹20 ಲಕ್ಷದ ಮೇಲೆ ಹಿಡಿದರೆ ₹40,000. ನಿಮ್ಮ ಕೈಗೆ ಬರುವುದೇ ₹3 ಲಕ್ಷ, ಅದರಲ್ಲಿ ₹40,000 ಅಂದರೆ 13%ಕ್ಕಿಂತ ಜಾಸ್ತಿ. ರಿಟರ್ನ್ ಹಾಕಿ ರೀಫಂಡ್ ಬರುವವರೆಗೆ ಅದೂ ನಿಮ್ಮದಲ್ಲ.

ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ನಿಮ್ಮ ಏಂಜೆಲ್ ಮುಂದೆ ಇಡಿ. ಅವರು ಏನು ಪ್ರಶ್ನೆ ಕೇಳುತ್ತಾರೆ ನೋಡಿ. "90 ದಿನವನ್ನು 60ಕ್ಕೆ ಇಳಿಸೋಕೆ ಆಗಲ್ವಾ?" ಅಂತ ಕೇಳಿದರೆ ಒಳ್ಳೆಯ ಜನ. "ಇದೆಲ್ಲ ಆಮೇಲೆ ನೋಡೋಣ, ಮೊದಲು ಹತ್ತು ಊರಿಗೆ ಹೋಗಿ" ಅಂದರೆ ಅವರಿಗೆ ಈ ವ್ಯಾಪಾರ ಗೊತ್ತಿಲ್ಲ. ಹತ್ತು ಊರಿಗೆ ಹೋದಷ್ಟೂ ಉದ್ರಿ ಬೆಳೆಯುತ್ತದೆ.

ಉದ್ರಿ ಇಳಿಸಲು ಷೇರು ಮಾರುವುದು ದುಬಾರಿ ದಾರಿ. ಮೊದಲು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲು, ಮಾಡಿಸಿ. ಸಣ್ಣ ಉದ್ಯಮಗಳ 2006ರ ಕಾಯ್ದೆ ಪ್ರಕಾರ ನಿಮ್ಮಂಥವರಿಗೆ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಬರಬೇಕು. ತಡವಾದರೆ ಕೊಳ್ಳುವ ಕಂಪನಿಗೆ ಆ ವರ್ಷ ಆದಾಯ ತೆರಿಗೆಯಲ್ಲಿ ಆ ಖರ್ಚು ತೋರಿಸಲು ತೊಡಕಾಗುತ್ತದೆ. ಆಸ್ಪತ್ರೆಯ ಲೆಕ್ಕಪತ್ರ ವಿಭಾಗಕ್ಕೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಬಿಲ್ಲಿನ ಮೇಲೆ ಉದ್ಯಮ್ ನಂಬರ್ ದಪ್ಪಕ್ಷರದಲ್ಲಿ ಹಾಕಿ. ಹಾಗೆಯೇ ಕರ್ನಾಟಕ ಸರ್ಕಾರದ ಎಲಿವೇಟ್ ಯೋಜನೆಗೂ ಅರ್ಜಿ ಹಾಕಿ. ಆಯ್ಕೆಯಾದವರಿಗೆ ₹50 ಲಕ್ಷದವರೆಗೆ ಅನುದಾನ ಸಿಗುತ್ತದೆ, ಅದಕ್ಕೆ ಷೇರು ಕೊಡಬೇಕಿಲ್ಲ. ನಿಮ್ಮೂರಲ್ಲೇ ದೇಶಪಾಂಡೆ ಸ್ಟಾರ್ಟಪ್ಸ್ ಇದೆ. ಒಮ್ಮೆ ಹೋಗಿ ಮಾತಾಡಿ ಬನ್ನಿ.

ಈಗ 5% ಕೇಳಿದ ಹಿರಿಯರ ವಿಷಯ. ₹60 ಲಕ್ಷಕ್ಕೆ 15% ಅಂದರೆ ನಿಮ್ಮ ಕಂಪನಿಗೆ ₹4 ಕೋಟಿ ಬೆಲೆ ಕಟ್ಟಿದಂತಾಯಿತು. 5% ಅಂದರೆ ₹20 ಲಕ್ಷ. ಯಾರಾದರೂ ಬಂದು "ತಿಂಗಳಿಗೆ ಎರಡು ಸಲ ಮಾತಾಡುತ್ತೇನೆ, ₹20 ಲಕ್ಷ ಕೊಡಿ" ಅಂದರೆ ಕೊಡುತ್ತೀರಾ? ಶೇಕಡಾ ಲೆಕ್ಕದಲ್ಲಿ ಕೇಳಿದಾಗ ಇದು ಚಿಕ್ಕದಾಗಿ ಕಾಣುತ್ತದೆ. ಅಮೆರಿಕದಲ್ಲಿ ಸ್ಟಾರ್ಟಪ್ ಸಲಹೆಗಾರರಿಗೆ ಕೊಡುವ ಪಾಲು ಸಾಮಾನ್ಯವಾಗಿ ಕಾಲು ಪರ್ಸೆಂಟಿನಿಂದ ಒಂದು ಪರ್ಸೆಂಟಿನೊಳಗೆ. ಅದೂ ಒಂದೇ ಸಲ ಅಲ್ಲ. ಎರಡು ವರ್ಷದಲ್ಲಿ ತಿಂಗಳು ತಿಂಗಳಿಗೆ ಸ್ವಲ್ಪ ಸ್ವಲ್ಪವೇ ಸೇರುತ್ತಾ ಹೋಗುತ್ತದೆ. ನಡುವೆ ಕೆಲಸ ಬಿಟ್ಟರೆ ಉಳಿದದ್ದು ಸಿಗುವುದಿಲ್ಲ.

ನಮ್ಮಲ್ಲಿ ಇನ್ನೂ ಒಂದು ತೊಡಕಿದೆ, ಎಷ್ಟೋ ಹುಡುಗರು ಇದರಲ್ಲಿ ಎಡವುತ್ತಾರೆ. ಕಂಪನಿ ಕಾಯ್ದೆಯಲ್ಲಿ ಇಸಾಪ್ (ಗೊತ್ತು ಮಾಡಿದ ಬೆಲೆಗೆ ಮುಂದೆ ಷೇರು ಕೊಳ್ಳುವ ಹಕ್ಕು) ಇರುವುದು ನೌಕರರಿಗೆ ಮತ್ತು ಡೈರೆಕ್ಟರ್‌ಗಳಿಗೆ. ಸ್ವೆಟ್ ಈಕ್ವಿಟಿ, ಅಂದರೆ ದುಡಿಮೆಗೆ ಬದಲಾಗಿ ಕೊಡುವ ಷೇರು, ಅದೂ ಹಾಗೆಯೇ. ಹೊರಗೆ ಕೂತ ಸಲಹೆಗಾರರಿಗೆ ಈ ದಾರಿಯಲ್ಲಿ ಷೇರು ಕೊಡುವಂತಿಲ್ಲ. ಇಮೇಲಿನಲ್ಲಿ "ನಿಮಗೆ 5% ಇಸಾಪ್ ಕೊಡುತ್ತೇವೆ" ಅಂತ ಬರೆದುಬಿಟ್ಟರೆ ಮುಂದಿನ ಹೂಡಿಕೆದಾರರ ವಕೀಲರು ಅದನ್ನು ಹಿಡಿದು ತಿಂಗಳುಗಟ್ಟಲೆ ಕೂರಿಸುತ್ತಾರೆ. ಅದಕ್ಕೆ ನನ್ನ ಸಲಹೆ ಇದು. ಆ ಹಿರಿಯರಿಗೆ ನಿಮ್ಮ ಮೇಲೆ ನಿಜವಾಗಿ ನಂಬಿಕೆ ಇದ್ದರೆ ಏಂಜೆಲ್ ಕೊಡುವ ಬೆಲೆಗೇ ₹2 ಲಕ್ಷವೋ ₹3 ಲಕ್ಷವೋ ತಾವೂ ಹಾಕಲಿ. ಜೊತೆಗೆ ಅವರು ತಂದ ಗಿರಾಕಿಯಿಂದ ನಿಮಗೆ ಬರುವ ಕಮಿಷನ್‌ನಲ್ಲಿ ಮೊದಲ ವರ್ಷ ಹತ್ತನೇ ಒಂದು ಭಾಗ ಕೊಡಿ. ದುಡ್ಡು ವಸೂಲಾದ ಮೇಲೆ ಮಾತ್ರ. ಈ ಒಂದು ಷರತ್ತು ಸಾಕು. ಏಜೆನ್ಸಿಯಲ್ಲಿ ಮೂವತ್ತು ವರ್ಷ ಕಳೆದವರಿಗೆ ಯಾವ ಗಿರಾಕಿ ತಡ ಮಾಡುತ್ತಾನೆ, ಯಾರು ಬಿಲ್ಲಿಗೆ ತಕರಾರು ತೆಗೆಯುತ್ತಾನೆ ಅನ್ನುವುದು ಗೊತ್ತಿರುತ್ತದೆ. ಆ ತಿಳಿವಳಿಕೆಯೇ ನಿಮಗೆ ಬೇಕಾದ್ದು. ಅವರನ್ನು ದೂರ ಮಾಡಬೇಡಿ, ದರ ಮಾತ್ರ ಸರಿಯಾಗಿ ಗೊತ್ತು ಮಾಡಿ.

ನೀವು ಕೇಳದ ಇನ್ನೊಬ್ಬ ಸಲಹೆಗಾರರು ನಿಮಗೆ ಬೇಕೇಬೇಕು. ಜನರ ಮಾಹಿತಿ ಕಾಪಾಡುವ ಕಾನೂನು ಬಲ್ಲ ವಕೀಲರು. 2016ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇನ್‌ಮೊಬಿಯ ಮೇಲೆ ಕ್ರಮ ತೆಗೆದುಕೊಂಡಿತು. ಬಳಕೆದಾರರು ಬೇಡ ಅಂದಮೇಲೂ ವೈಫೈ ಗುರುತುಗಳಿಂದ ಅವರು ಎಲ್ಲಿದ್ದಾರೆ ಅಂತ ಪತ್ತೆ ಹಚ್ಚುತ್ತಿತ್ತು, ಅದರಲ್ಲಿ ಮಕ್ಕಳೂ ಇದ್ದರು ಅನ್ನುವುದು ಆರೋಪ. 9.5 ಲಕ್ಷ ಡಾಲರ್ ದಂಡ ಕಟ್ಟಿ ಪ್ರಕರಣ ಮುಗಿಸಿಕೊಂಡಿತು. ಕ್ಲೈನರ್, ಶೆರ್ಪಾಲೊ, ಸಾಫ್ಟ್‌ಬ್ಯಾಂಕ್‌ನಂಥ ಹೆಸರುಗಳು ಬೆನ್ನಿಗಿದ್ದ ಕಂಪನಿಗೇ ಹೀಗಾಯಿತು. ನಿಮ್ಮ ಗಿರಾಕಿಗಳಲ್ಲಿ ಪಿಯು ಕಾಲೇಜುಗಳಿವೆ. ಪಿಯು ಓದುವವರಿಗೆ ಹದಿನಾರು, ಹದಿನೇಳು ವಯಸ್ಸು. ನಮ್ಮ 2023ರ ಡಿಜಿಟಲ್ ಮಾಹಿತಿ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅವರ ಜಾಡು ಹಿಡಿದು, ಅವರನ್ನೇ ಗುರಿಯಾಗಿಟ್ಟು ಜಾಹೀರಾತು ತೋರಿಸುವುದನ್ನು ಕಾಯ್ದೆ ತಡೆಯುತ್ತದೆ. ದಂಡ ₹200 ಕೋಟಿವರೆಗೆ ಇದೆ. ಹಾಗಾಗಿ ಕಾಲೇಜಿನ ಜಾಹೀರಾತನ್ನು ತಂದೆತಾಯಿ ಓದುವ ಪುಟಗಳಲ್ಲಿ, ಯಾರ ಜಾಡೂ ಹಿಡಿಯದೆ ಹಾಕಿ. ಈ ವಕೀಲರಿಗೆ ಷೇರು ಬೇಡ, ಫೀಸು ಕೊಡಿ. ಸಲಹೆ ಬರವಣಿಗೆಯಲ್ಲಿ ಪಡೆಯಿರಿ.

ಬೆಂಬಲಿಗರ ಪಟ್ಟಿಯನ್ನು ಪರೀಕ್ಷಿಸುವ ಬಗೆಯನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಜಾಹೀರಾತು ಕಂಪನಿಯ ಕಾಗದಪತ್ರ ನೋಡಿಕೊಡಿ ಅಂತ ನನ್ನ ಹತ್ತಿರ ಬಂದಿದ್ದರು. ಕಂಪನಿಯನ್ನು ಪರಿಚಯಿಸುವ ಪಿಚ್‌ನಲ್ಲಿ ಆರು ಹೆಸರಾಂತ ಸಲಹೆಗಾರರ ಫೋಟೊ. ನಾನು ಇಬ್ಬರಿಗೆ ಫೋನ್ ಮಾಡಿದೆ. ಒಬ್ಬರು "ಯಾವುದೋ ಸಭೆಯಲ್ಲಿ ಒಮ್ಮೆ ಕಾಫಿ ಕುಡಿದಿದ್ದೆವು ಅಷ್ಟೇ" ಅಂದರು. ಇನ್ನೊಬ್ಬರಿಗೆ ತಮ್ಮ ಫೋಟೊ ಅಲ್ಲಿದೆ ಅನ್ನುವುದೇ ಗೊತ್ತಿರಲಿಲ್ಲ. ಆ ಕಂಪನಿ ಸಣ್ಣ ಸಣ್ಣ ಕನ್ನಡ ಸೈಟ್‌ಗಳಿಗೆ ಐದು ತಿಂಗಳ ದುಡ್ಡು ಉಳಿಸಿಕೊಂಡಿತ್ತು. ಆ ಸೈಟ್‌ಗಳವರು ಆರು ಫೋಟೊ ನೋಡಿಯೇ ಉದ್ರಿ ಕೊಟ್ಟಿದ್ದರು. ಅವರಲ್ಲಿ ಒಬ್ಬರು ಸೈಟ್ ಮುಚ್ಚಿ ಬೇರೆ ಕೆಲಸಕ್ಕೆ ಹೋದರು. ಅದನ್ನು ನೆನೆದರೆ ಇವತ್ತಿಗೂ ನನಗೆ ಬೇಜಾರಾಗುತ್ತದೆ.

ಫೋಟೊ ನಂಬಬೇಡಿ, ಫಾರಂ ನೋಡಿ. ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ₹100 ಕಟ್ಟಿದರೆ ಒಂದು ಕಂಪನಿ ಸಲ್ಲಿಸಿದ ಸಾರ್ವಜನಿಕ ಕಾಗದಗಳನ್ನು ನೋಡಬಹುದು. ಹೊಸ ಷೇರು ಹಂಚಿದಾಗ ಪಿಎಎಸ್-3 ಅನ್ನುವ ಫಾರಂ ಹಾಕಬೇಕು. ಯಾರಿಗೆ ಎಷ್ಟು ಷೇರು, ಯಾವ ಬೆಲೆಗೆ ಅನ್ನುವುದು ಅದರಲ್ಲಿ ಇರುತ್ತದೆ. ನಿಮ್ಮ ಏಂಜೆಲ್ ತಾವು ದುಡ್ಡು ಹಾಕಿದ್ದೇನೆ ಅನ್ನುವ ನಾಲ್ಕು ಕಂಪನಿಗಳ ಪಿಎಎಸ್-3 ತೆಗೆಸಿ ನೋಡಿ. ₹400 ಖರ್ಚು, ಒಂದು ಮಧ್ಯಾಹ್ನದ ಕೆಲಸ. ಮೂಲ ಕಂಪನಿ ಸಿಂಗಪುರದಂಥ ಹೊರದೇಶದಲ್ಲಿದ್ದರೆ ಇಲ್ಲಿಯ ಫಾರಂನಲ್ಲಿ ಎಲ್ಲ ಕಾಣುವುದಿಲ್ಲ, ಅದನ್ನು ಗಮನದಲ್ಲಿಡಿ.

ಕೊನೆಗೆ ನಿಮ್ಮಪ್ಪನ ಮಾತು. ಅದನ್ನು ಹಳೆ ಕಾಲದ ಮಾತು ಅಂತ ತಳ್ಳಿಹಾಕಬೇಡಿ. ದಿವ್ಯಾಂಕ್ ತುರಾಖಿಯಾ ಅನ್ನುವ ಮುಂಬೈ ಹುಡುಗ ಮೀಡಿಯಾ.ನೆಟ್ ಅನ್ನುವ ಜಾಹೀರಾತು ಕಂಪನಿ ಕಟ್ಟಿದರು. ಹೊರಗಿನ ಹೂಡಿಕೆದಾರರೇ ಇರಲಿಲ್ಲ. ಅಣ್ಣ ಭವಿನ್ ಜೊತೆ ಕಟ್ಟಿದ್ದ ಡೈರೆಕ್ಟಿ ವ್ಯವಹಾರ ಬೆನ್ನಿಗಿತ್ತು. 2016ರಲ್ಲಿ ಚೀನಾದ ಹೂಡಿಕೆದಾರರ ಗುಂಪೊಂದು ಅದನ್ನು ಸುಮಾರು 90 ಕೋಟಿ ಡಾಲರ್‌ಗೆ ಕೊಂಡಿತು. ಹೊರಗಿನ ದುಡ್ಡಿಲ್ಲದೆಯೂ ಆಗುತ್ತದೆ. ಆದರೆ ಮನೆಯಲ್ಲಿ ಇನ್ನೊಂದು ಚೆನ್ನಾಗಿ ನಡೆಯುವ ವ್ಯಾಪಾರ ಬೇಕು, ಇಲ್ಲವೇ ಗಿರಾಕಿಯಿಂದ ಮುಂಗಡ ಇಸಿದುಕೊಳ್ಳುವ ಧೈರ್ಯ ಬೇಕು.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಏಂಜೆಲ್ ಹತ್ತಿರ ಈಗ ₹30 ಲಕ್ಷ ಮಾತ್ರ ತೆಗೆದುಕೊಳ್ಳುತ್ತಿದ್ದೆ, ಅದೇ ಬೆಲೆಗೆ ಏಳೂವರೆ ಪರ್ಸೆಂಟ್‌ಗೆ. ಉಳಿದದ್ದಕ್ಕೆ ಆರು ತಿಂಗಳು ಬಿಟ್ಟು ಕೂರೋಣ ಅನ್ನುತ್ತಿದ್ದೆ. ಆ ಆರು ತಿಂಗಳಲ್ಲಿ ಬಂಗಾರದ ಅಂಗಡಿಗಳಿಂದ ಅರ್ಧ ಮುಂಗಡ ಕೇಳುವುದನ್ನು ರೂಢಿ ಮಾಡಿ. ಅವರು ಹಬ್ಬದ ಮುಂಚೆ ದುಡ್ಡು ಬಿಚ್ಚುತ್ತಾರೆ, ದೀಪಾವಳಿ ಆದಮೇಲೆ ಕೇಳಿದರೆ ಕಷ್ಟ. ಯಾರಿಗೆ ಎಷ್ಟು ದಿನ ಉದ್ರಿ ಬಿಡಬೇಕು, ಯಾವಾಗ ಬಾಗಿಲಿಗೆ ಹೋಗಿ ನಿಲ್ಲಬೇಕು ಅನ್ನುವುದನ್ನು ನಿಮ್ಮಪ್ಪನ ಹತ್ತಿರ ಕೂತು ಕೇಳಿ. ದುರ್ಗದಬೈಲಿನಲ್ಲಿ ಅಂಗಡಿ ನಡೆಸಿದವರ ಖಾತೆ ಪುಸ್ತಕ ನಿಮ್ಮ ಆಫೀಸಿಗೆ ಬರಲಿ. ಗಿರಾಕಿಗಳ ಪಟ್ಟಿ ಮುಂದಿಟ್ಟು, ಒಂದೊಂದು ಹೆಸರಿನ ಎದುರು ಅಪ್ಪನ ಕೈಯಲ್ಲೇ ಎಷ್ಟು ದಿನದ ಉದ್ರಿ ಅಂತ ಬರೆಸಿ.